ಸಿಇ ಗುರುತು: ಪುಕ್ಕಟೆ ಸಿಗುವ ಕಾನೂನು, ಕಾಸು ಕೊಟ್ಟು ಕೊಳ್ಳುವ ಕಾಗದ

2027ರ ಜನವರಿ 20ರಂದು ಯುರೋಪಿಯನ್ ಒಕ್ಕೂಟದಲ್ಲಿ ಯಂತ್ರ ಸುರಕ್ಷತೆಯ ಕಾನೂನು ಬದಲಾಗುತ್ತದೆ. 2009ರ ಡಿಸೆಂಬರ್ 29ರಿಂದ ನಡೆದುಕೊಂಡು ಬಂದ ಮಷಿನರಿ ಡೈರೆಕ್ಟಿವ್ 2006/42/ಇಸಿ ಹೋಗಿ, ಅದರ ಜಾಗಕ್ಕೆ ಮಷಿನರಿ ರೆಗ್ಯುಲೇಷನ್ 2023/1230 ಬರುತ್ತದೆ. ಪೀಣ್ಯದಿಂದ ಲೇತ್ ಕಳಿಸುವವರಿಗೂ, ತುಮಕೂರಿನ ವಸಂತನರಸಾಪುರದಿಂದ ಮಷಿನಿಂಗ್ ಸೆಂಟರ್ ಕಳಿಸುವವರಿಗೂ, ಬೆಳಗಾವಿಯಿಂದ ಹೈಡ್ರಾಲಿಕ್ ಸಾಮಾನು ಕಳಿಸುವವರಿಗೂ ಇದು ತಟ್ಟುವ ಮಾತು. ಅಂಥವರ ಮೇಜಿನ ಮೇಲೆ ಈಗ ಸಲಹೆಗಾರರ ಕೊಟೇಶನ್ನುಗಳು ಬಂದು ಬೀಳುವ ಕಾಲ. 'ಹೊಸ ಕಾನೂನಿಗೆ ಸಿಇ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ' ಎಂಬುದು ಅವುಗಳ ಪಲ್ಲವಿ. ಸಿಇ ಎಂದರೆ ಯಂತ್ರ ಒಕ್ಕೂಟದ ಕಾನೂನಿಗೆ ಹೊಂದುತ್ತದೆ ಎಂದು ಸೂಚಿಸುವ, ಅಲ್ಲಿ ಮಾರಲು ಬೇಕಾದ ಗುರುತು. ಕೊಟೇಶನ್ನಿಗೆ ಸಹಿ ಹಾಕುವ ಮೊದಲು ಒಂದು ವಿಷಯ ಗೊತ್ತಿರಬೇಕು. ಆ ಕಾನೂನು ಪೂರ್ತಿ, ಒಂದಕ್ಷರವೂ ಬಿಡದೆ, ಯಾರು ಬೇಕಾದರೂ ಓದಲು ಪುಕ್ಕಟೆ ಸಿಗುತ್ತದೆ. ಮತ್ತು ಅದನ್ನು ಓದಿದವರಿಗೆ, ತಮ್ಮ ಯಂತ್ರಕ್ಕೆ ಆ ಸರ್ಟಿಫಿಕೇಟ್ ಬೇಕಾಗಿಯೇ ಇರಲಿಲ್ಲ ಎಂದು ತಿಳಿಯುವ ಸಾಧ್ಯತೆಯೇ ಹೆಚ್ಚು.

ಮೊದಲು ಆ ದಿನಾಂಕವನ್ನೇ ನೋಡಿ. ಹೊಸ ರೆಗ್ಯುಲೇಷನ್ 2023ರ ಜೂನ್ 29ರಂದು ಒಕ್ಕೂಟದ ಅಧಿಕೃತ ಪತ್ರಿಕೆಯಲ್ಲಿ ಅಚ್ಚಾದಾಗ ಅದರಲ್ಲಿ ಇದ್ದದ್ದು 2027ರ ಜನವರಿ 14. ಕೆಲವೇ ದಿನಗಳಲ್ಲಿ ಒಂದು ತಿದ್ದೋಲೆ ಹೊರಬಂದು 14ನ್ನು 20 ಮಾಡಿತು. ಮೊದಲ ಮುದ್ರಣವನ್ನು ಡೌನ್‌ಲೋಡ್ ಮಾಡಿ ಸ್ಲೈಡ್ ತಯಾರಿಸಿದವರು ಇವತ್ತಿಗೂ 14 ಎಂದೇ ಹೇಳುತ್ತಿದ್ದಾರೆ. ಆರು ದಿನದ ವ್ಯತ್ಯಾಸದಿಂದ ಯಾರ ಮನೆಯೂ ಮುಳುಗುವುದಿಲ್ಲ, ನಿಜ. ಆದರೆ ಯಾರು ಮೂಲ ನೋಡುತ್ತಾರೆ, ಯಾರು ಇನ್ನೊಬ್ಬರ ಸ್ಲೈಡ್ ನಕಲು ಹೊಡೆಯುತ್ತಾರೆ ಎಂಬುದನ್ನು ಹಿಡಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಬೇರೆ ಇಲ್ಲ. ಸಲಹೆಗಾರರನ್ನು ಮಾತಿಗೆಳೆದು, ಯಾವ ದಿನದಿಂದ ಜಾರಿ ಎಂದು ಕೇಳಿ ನೋಡಿ.

ಮೂಲ ಇರುವುದು ಯೂರ್-ಲೆಕ್ಸ್ ಎಂಬ ಒಕ್ಕೂಟದ ಅಧಿಕೃತ ಜಾಲತಾಣದಲ್ಲಿ. ಒಕ್ಕೂಟದ 24 ಅಧಿಕೃತ ಭಾಷೆಗಳಲ್ಲೂ ಪಠ್ಯ ಇದೆ, ಎಲ್ಲ ಭಾಷೆಯ ಪಠ್ಯಕ್ಕೂ ಸಮಾನ ಮಾನ್ಯತೆ. ನೋಂದಣಿ ಬೇಡ, ಶುಲ್ಕವಿಲ್ಲ. ಹೆಸರು ಟೈಪ್ ಮಾಡಿ ಹುಡುಕಲು ಹೊರಟರೆ ನೂರೆಂಟು ದಾಖಲೆ ಎದ್ದು ಬರುತ್ತವೆ, ಅದಕ್ಕೇ ಹಲವರು ಅರ್ಧಕ್ಕೆ ಬಿಟ್ಟು ಎದ್ದುಹೋಗುತ್ತಾರೆ. ಹುಡುಕಬೇಕಾದ್ದು ಸೆಲೆಕ್ಸ್ ಸಂಖ್ಯೆಯಿಂದ. ಹೊಸ ರೆಗ್ಯುಲೇಷನ್ನಿನ ಸೆಲೆಕ್ಸ್ ಸಂಖ್ಯೆಯಲ್ಲಿ ಮೊದಲು 3, ಆಮೇಲೆ 2023, ಆಮೇಲೆ ಆರ್ ಅಕ್ಷರ, ಕೊನೆಗೆ 1230. ಮೂರು ಎಂದರೆ ಶಾಸನ, ನಂತರದ್ದು ವರ್ಷ, ಆರ್ ಎಂದರೆ ರೆಗ್ಯುಲೇಷನ್, ಕಡೆಯದು ಕ್ರಮಾಂಕ. ಹಳೆಯ ಡೈರೆಕ್ಟಿವ್‌ಗೆ ಆರ್ ಬದಲು ಎಲ್ ಅಕ್ಷರ, ಕ್ರಮಾಂಕ ನಾಲ್ಕಂಕಿಯಲ್ಲಿ 0042. ಮೊದಲ ಅಂಕಿ 3ರ ಬದಲು ಸೊನ್ನೆ ಇದ್ದರೆ ಅದು ತಿದ್ದುಪಡಿಗಳನ್ನೆಲ್ಲ ಒಳಗೆ ಸೇರಿಸಿ ಹೊಲಿದ ಕ್ರೋಡೀಕೃತ ಪಠ್ಯ. ದಿನನಿತ್ಯದ ಓದಿಗೆ ಅದೇ ಬೇಕು. ಕೋರ್ಟು ಕಚೇರಿಯಲ್ಲಿ ಮಾತ್ರ ಅಧಿಕೃತ ಪತ್ರಿಕೆಯ ಮೂಲ ಮತ್ತು ಅದರ ತಿದ್ದೋಲೆಗಳೇ ಪ್ರಮಾಣ.

ಯೂರ್-ಲೆಕ್ಸಿನ ಇನ್ನೊಂದು ಸೌಲಭ್ಯ ನಮ್ಮ ಕಡೆ ಯಾರೂ ಬಳಸಿದಂತೆ ಕಾಣುವುದಿಲ್ಲ. ಎರಡು ಮೂರು ಭಾಷೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ತೋರಿಸುವ ವ್ಯವಸ್ಥೆ ಅದರಲ್ಲಿದೆ. ಯಂತ್ರ ಪೋಲೆಂಡಿಗೆ ಹೋಗುವುದಾದರೆ ಅನುಸರಣಾ ಘೋಷಣೆ, ಅಂದರೆ ಯಂತ್ರ ಕಾನೂನಿಗೆ ಹೊಂದುತ್ತದೆ ಎಂದು ತಯಾರಕರು ಸಹಿ ಹಾಕಿ ಕೊಡುವ ಪತ್ರ, ಪೋಲಿಷ್ ಭಾಷೆಯಲ್ಲೂ ಇರಬೇಕು. ಅದಕ್ಕೆ ಭಾಷಾಂತರಕಾರರ ಕೈಗೆ ಇಂಗ್ಲಿಷ್ ಘೋಷಣೆ ಕೊಟ್ಟು, ಅವರು ಹೊಳೆದಂತೆ ಬರೆದ ಪದಗಳನ್ನು ಅಚ್ಚು ಹಾಕಿಸುವವರಿದ್ದಾರೆ. ಆ ಪದಗಳೆಲ್ಲ ಕಾನೂನಿನ ಪೋಲಿಷ್ ಪಠ್ಯದಲ್ಲಿ ಶಾಸನಸಭೆಯೇ ಬರೆದಿಟ್ಟ ರೂಪದಲ್ಲಿ ಕೂತಿವೆ. ಇಂಗ್ಲಿಷ್ ಎಡಕ್ಕೆ, ಪೋಲಿಷ್ ಬಲಕ್ಕೆ ಇಟ್ಟುಕೊಂಡು ಅಲ್ಲಿಂದಲೇ ಎತ್ತಿಕೊಂಡರೆ ಸಾಕು.

ಓದು ಎಲ್ಲಿಂದ ಶುರುಮಾಡಬೇಕು? ಪೀಠಿಕೆಯಿಂದ ಆರಂಭಿಸಿದರೆ ನಿದ್ದೆ ಬರುವುದು ಖಚಿತ. ಮೊದಲು ವ್ಯಾಖ್ಯೆಗಳ ವಿಧಿಗೆ ಹೋಗಿ, ನಿಮ್ಮದು 'ಯಂತ್ರ' ಹೌದೋ ಅಲ್ಲವೋ ನೋಡಬೇಕು. ಡೈರೆಕ್ಟಿವ್ ಪ್ರಕಾರ ಯಂತ್ರವೆಂದರೆ ನೇರವಾಗಿ ಮನುಷ್ಯರ ಅಥವಾ ಪ್ರಾಣಿಗಳ ಬಲದಿಂದ ಅಲ್ಲದೆ ಬೇರೊಂದು ಚಾಲನ ವ್ಯವಸ್ಥೆಯಿಂದ ನಡೆಯುವ, ಕನಿಷ್ಠ ಒಂದು ಭಾಗವಾದರೂ ಚಲಿಸುವ, ಒಂದು ನಿರ್ದಿಷ್ಟ ಕೆಲಸಕ್ಕೆಂದು ಜೋಡಿಸಿದ ಸಾಧನ. ಅಂದರೆ ಎತ್ತು ಕಟ್ಟಿದ ಗಾಣ ಬ್ರಸೆಲ್ಸಿನ ಕಣ್ಣಲ್ಲಿ ಯಂತ್ರವಲ್ಲ. ಅದೇ ಗಾಣಕ್ಕೆ ಎರಡು ಎಚ್‌ಪಿ ಮೋಟಾರು ಕೂರಿಸಿ ಮಾರಿದರೆ ಯಂತ್ರ. ಇಂಥ ಗಡಿರೇಖೆಗಳು ತಮಾಷೆಯಾಗಿ ಕಂಡರೂ ಹಣದ ಲೆಕ್ಕದಲ್ಲಿ ದೊಡ್ಡವು. ವಸ್ತು ಹಿಡಿಯುವ ಗ್ರಿಪ್ಪರ್ ಇಲ್ಲದ ಬರೀ ರೋಬೋ ತೋಳು 'ಭಾಗಶಃ ಪೂರ್ಣಗೊಂಡ ಯಂತ್ರ'. ಈ ಕಾನೂನಿನಡಿ ಅದಕ್ಕೆ ಸಿಇ ಹಾಕುವಂತೆಯೇ ಇಲ್ಲ. ಜೊತೆಗೆ ಅಳವಡಿಕೆಯ ಘೋಷಣೆ ಮತ್ತು ಜೋಡಣಾ ಸೂಚನೆ ಕೊಡಬೇಕು. ಅದನ್ನು ಬೇಲಿ, ಕನ್ವೇಯರ್, ಗ್ರಿಪ್ಪರ್ ಜೊತೆ ಸೇರಿಸಿ ಸೆಲ್ ಕಟ್ಟುವವರು ಇಡೀ ಸೆಲ್‌ಗೆ ಸಿಇ ಹಾಕಬೇಕು. ತೋಳಿಗೆ ಸಿಇ ಇದೆಯೆಂದು ಮಾರಾಟಗಾರರು ಹೇಳಿದರೆ ಯಾವ ಕಾನೂನಿನಡಿ ಎಂದು ಕೇಳಿ. ವಿದ್ಯುತ್ಕಾಂತೀಯ ಹೊಂದಾಣಿಕೆಯ 2014/30 ಅಡಿ ಇರಬಹುದು. ಅದು ಬೇರೆಯೇ ಕಥೆ.

ಇನ್ನು ಸರ್ಟಿಫಿಕೇಟಿನ ವಿಷಯ. ಸಿಇ ಗುರುತನ್ನು ಯಾರೂ ನಿಮಗೆ 'ಕೊಡುವುದಿಲ್ಲ'. ಅದನ್ನು ಹಾಕಿಕೊಳ್ಳುವವರು ತಯಾರಕರೇ, ಜವಾಬ್ದಾರಿ ಹೊರುವವರೂ ಅವರೇ. ಡೈರೆಕ್ಟಿವ್‌ನ 5ನೇ ವಿಧಿ ತಯಾರಕರ ಕೆಲಸಗಳನ್ನು ಅರ್ಧ ಪುಟದಲ್ಲಿ ಹೇಳಿ ಮುಗಿಸುತ್ತದೆ. ಯಂತ್ರ ಸುರಕ್ಷತೆಯ ಅಗತ್ಯಗಳಿಗೆ ಹೊಂದುವಂತೆ ಮಾಡಿ, ತಾಂತ್ರಿಕ ಕಡತ ಸಿದ್ಧವಿಡಿ, ಬಳಕೆಯ ಸೂಚನೆ ಕೊಡಿ, ನಿಗದಿತ ವಿಧಾನದಲ್ಲಿ ಅನುಸರಣೆ ಪರಿಶೀಲಿಸಿ, ಘೋಷಣೆಗೆ ಸಹಿ ಹಾಕಿ, ಗುರುತು ಹಾಕಿ. ಇಷ್ಟರಲ್ಲಿ ಮೂರನೆಯವರ ಪ್ರವೇಶ ಎಲ್ಲಿ ಎಂದರೆ, 'ನಿಗದಿತ ವಿಧಾನ' ಎಂಬಲ್ಲಿ, ಅದೂ ಕೆಲವೇ ಬಗೆಯ ಯಂತ್ರಗಳಿಗೆ.

ಒಂದೇ ಶೆಡ್ಡಿನಲ್ಲಿ ತಯಾರಾಗುವ ಎರಡು ಯಂತ್ರ ಇಟ್ಟುಕೊಂಡು ನೋಡೋಣ. ಒಂದು ಸಿಎನ್‌ಸಿ ಲೇತ್. ಅದು ಡೈರೆಕ್ಟಿವ್‌ನ ಅನುಬಂಧ 4ರ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಆಂತರಿಕ ಪರಿಶೀಲನೆ ಸಾಕು, ತಯಾರಕರು ತಾವೇ ಪರೀಕ್ಷಿಸಿ ತಾವೇ ಘೋಷಿಸಬಹುದು. ಇನ್ನೊಂದು ಹೈಡ್ರಾಲಿಕ್ ಪ್ರೆಸ್. ಲೋಹವನ್ನು ತಣ್ಣಗಿರುವಾಗಲೇ ಒತ್ತುವ, ಕೈಯಿಂದ ತುಂಡು ಇಟ್ಟು ತೆಗೆಯುವ ಪ್ರೆಸ್ಸಿನ ಚಲಿಸುವ ಭಾಗ 6 ಮಿಲಿಮೀಟರಿಗಿಂತ ಹೆಚ್ಚು ಓಡುವಂತಿದ್ದು, ವೇಗ ಸೆಕೆಂಡಿಗೆ 30 ಮಿಲಿಮೀಟರ್ ದಾಟುವಂತಿದ್ದರೆ ಅದು ಅನುಬಂಧ 4ರ ಯಂತ್ರ. ಕೈ ಸಿಕ್ಕಿಕೊಳ್ಳುವ ಯಂತ್ರ ಇದು, ಬೆರಳು ಹೋಗುವ ಯಂತ್ರ. ಕಾನೂನು ಇಲ್ಲಿ ಬಿಗಿಯಾಗಿರುವುದಕ್ಕೆ ಕಾರಣ ವಿವರಿಸಬೇಕಿಲ್ಲ. ಹಾಗಿದ್ದೂ, ಆ ಪ್ರೆಸ್ಸಿನ ಎಲ್ಲ ಅಪಾಯಗಳನ್ನೂ ಒಳಗೊಳ್ಳುವ ಸಮನ್ವಯಿತ ಸ್ಟ್ಯಾಂಡರ್ಡ್ (ಪಾಲಿಸಿದರೆ ಕಾನೂನು ಪಾಲಿಸಿದಂತೆ ಎಂದು ಒಕ್ಕೂಟ ಒಪ್ಪಿದ ತಾಂತ್ರಿಕ ಮಾನಕ) ಇದ್ದು, ಅದನ್ನು ಪೂರ್ತಿಯಾಗಿ ಪಾಲಿಸಿದರೆ ಅಲ್ಲೂ ಸ್ವಘೋಷಣೆಗೆ ದಾರಿ ಇದೆ. ಸ್ಟ್ಯಾಂಡರ್ಡ್‌ನಿಂದ ಒಂದು ಹೆಜ್ಜೆ ಆಚೆ ಇಟ್ಟರೆ ಮಾತ್ರ ನೋಟಿಫೈಡ್ ಬಾಡಿ ಎಂಬ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ಮಾದರಿ ಪರೀಕ್ಷೆ ಅಥವಾ ಸಂಪೂರ್ಣ ಗುಣಮಟ್ಟ ವ್ಯವಸ್ಥೆಯ ಒಪ್ಪಿಗೆ ಬೇಕು. ಅದೇ ಪ್ರೆಸ್ಸಿಗೆ ತುಂಡು ಇಡುವುದು ತೆಗೆಯುವುದು ಪೂರ್ತಿ ರೋಬೋಗೆ ಬಿಟ್ಟು ವಿನ್ಯಾಸ ಮಾಡಿದರೆ ಅದು ಪಟ್ಟಿಯಿಂದಲೇ ಹೊರಗೆ.

ಈಗ ಲೇತ್ ಮಾಡುವವರ ಗೋಡೆಯ ಮೇಲೆ ಫ್ರೇಮ್ ಹಾಕಿದ ಬಣ್ಣದ 'ಸಿಇ ಸರ್ಟಿಫಿಕೇಟ್' ನೇತಾಡುತ್ತಿದ್ದರೆ ಅದಕ್ಕೆ ಏನು ಬೆಲೆ? ಕಾನೂನಿನಲ್ಲಿ ಏನೂ ಇಲ್ಲ. ಅದೊಂದು ಖಾಸಗಿ ಕಾಗದ. ತಿಳಿದ ಎಂಜಿನಿಯರು ಯಂತ್ರದ ಮುಂದೆ ನಿಂತು ಪರೀಕ್ಷಿಸಿ ವರದಿ ಬರೆದಿದ್ದರೆ ಆ ವರದಿ ಉಪಯೋಗಕ್ಕೆ ಬರುತ್ತದೆ, ಕಡತಕ್ಕೆ ಸೇರಿಸಬಹುದು. ಫೋಟೋ, ಕ್ಯಾಟಲಾಗ್ ಇಮೇಲ್ ಮಾಡಿಸಿಕೊಂಡು ವಾರದೊಳಗೆ ಕೊಟ್ಟ ಕಾಗದವಾಗಿದ್ದರೆ ಅದು ಅಪಘಾತವಾದ ದಿನ ನಿಮ್ಮ ಪರ ಒಂದು ಮಾತೂ ಆಡುವುದಿಲ್ಲ. ನಿಜವಾದ ನೋಟಿಫೈಡ್ ಬಾಡಿಗೆ ನಾಲ್ಕಂಕಿಯ ಸಂಖ್ಯೆ ಇರುತ್ತದೆ, ಮತ್ತು ಅದು ಯುರೋಪಿಯನ್ ಆಯೋಗದ ನ್ಯಾಂಡೋ ದತ್ತಸಂಚಯದಲ್ಲಿ ಸಿಗುತ್ತದೆ. ಅದೂ ಪುಕ್ಕಟೆಯೇ. ಅಲ್ಲಿ ಸಂಖ್ಯೆ ಇದೆಯೆಂದ ಮಾತ್ರಕ್ಕೆ ನಿಲ್ಲಿಸಬೇಡಿ, ಯಾವ ಕಾನೂನಿಗೆ, ಯಾವ ಬಗೆಯ ಯಂತ್ರಕ್ಕೆ ಆ ಸಂಸ್ಥೆಗೆ ಮಾನ್ಯತೆ ಇದೆ ಎಂಬುದನ್ನೂ ನೋಡಿ. ಲಿಫ್ಟ್‌ಗಳಿಗೆ ಮಾನ್ಯತೆ ಪಡೆದ ಸಂಸ್ಥೆಗೆ ಪ್ರೆಸ್ ಪರೀಕ್ಷಿಸುವ ಅಧಿಕಾರ ಇರಲೇಬೇಕೆಂದಿಲ್ಲ. ಬ್ರಿಟನ್ನಿನ ಸಂಸ್ಥೆಗಳು 2021ರ ಆರಂಭದಿಂದ ಈ ಪಟ್ಟಿಯಲ್ಲೇ ಇಲ್ಲ. ಹಳೆಯ ಬ್ರಿಟಿಷ್ ಸಂಖ್ಯೆಯ ಕಾಗದ ಇಟ್ಟುಕೊಂಡವರು ಇದನ್ನು ಗಮನಿಸಬೇಕು.

ಸಿಇ ಗುರುತಿನ ಬಗ್ಗೆ ವಾಟ್ಸಾಪಿನಲ್ಲಿ ಆಗಾಗ ಸುತ್ತುವ ಒಂದು ಕತೆ ಇದೆ. ಎರಡು ಅಕ್ಷರ ಹತ್ತಿರ ಹತ್ತಿರ ಇದ್ದರೆ ಅದು 'ಚೈನಾ ಎಕ್ಸ್‌ಪೋರ್ಟ್' ಅಂತೆ. ಯುರೋಪಿಯನ್ ಸಂಸತ್ತಿನಲ್ಲೇ ಈ ಪ್ರಶ್ನೆ ಬಂದಾಗ ಆಯೋಗ ಕೊಟ್ಟ ಉತ್ತರದ ಸಾರ ಇಷ್ಟೇ: ಅಂಥ ಗುರುತೊಂದು ಇರುವುದು ತನಗೆ ಗೊತ್ತಿಲ್ಲ, ಅದು ಅಳತೆ ತಪ್ಪಿದ ಸಿಇ ಗುರುತು. ಅಳತೆಗೆ ಬೆಲೆ ಇದೆ ಎಂಬುದಂತೂ ನಿಜ. ಎತ್ತರ 5 ಮಿಲಿಮೀಟರಿಗಿಂತ ಕಡಿಮೆ ಇರಬಾರದು, ಅಕ್ಷರಗಳ ಪ್ರಮಾಣ ಕಾನೂನಿನ ಚಿತ್ರದಂತೆಯೇ ಇರಬೇಕು. ಆದರೆ ನೇಮ್‌ಪ್ಲೇಟಿನಲ್ಲಿ ಹೆಚ್ಚು ಎಡವುವ ಜಾಗ ಇನ್ನೊಂದಿದೆ. ಡೈರೆಕ್ಟಿವ್‌ನ ಅನುಬಂಧ 3 ಹೇಳುವಂತೆ ಸಿಇ ಗುರುತು ತಯಾರಕರ ಹೆಸರಿನ ಪಕ್ಕದಲ್ಲೇ ಇರಬೇಕು, ಮತ್ತು ಹೆಸರನ್ನು ಮೂಡಿಸಿದ ತಂತ್ರದಿಂದಲೇ ಗುರುತನ್ನೂ ಮೂಡಿಸಿರಬೇಕು. ಕಂಪನಿಯ ಹೆಸರು ಸ್ಟೀಲ್ ಪ್ಲೇಟಿನಲ್ಲಿ ಕೊರೆದಿದ್ದು, ಸಿಇ ಮಾತ್ರ ಕಂಟ್ರೋಲ್ ಪ್ಯಾನೆಲ್ ಬಾಗಿಲಿಗೆ ಅಂಟಿಸಿದ ಸ್ಟಿಕರ್ ಆಗಿದ್ದರೆ ಅದು ನಿಯಮಕ್ಕೆ ಹೊಂದುವುದಿಲ್ಲ. ಪ್ಲೇಟಿನಲ್ಲಿ ತಯಾರಕರ ಹೆಸರು, ಪೂರ್ಣ ವಿಳಾಸ, ಯಂತ್ರದ ಹೆಸರು, ಸರಣಿ ಅಥವಾ ಮಾದರಿ, ಇದ್ದರೆ ಕ್ರಮಸಂಖ್ಯೆ, ತಯಾರಿಕೆ ಮುಗಿದ ವರ್ಷ ಇರಬೇಕು. ವರ್ಷವನ್ನು ಹಿಂದಕ್ಕೋ ಮುಂದಕ್ಕೋ ಹಾಕುವುದನ್ನು ಕಾನೂನು ಹೆಸರಿಟ್ಟು ನಿಷೇಧಿಸುತ್ತದೆ. ಡಿಸೆಂಬರಿನಲ್ಲಿ ಮುಗಿದ ಯಂತ್ರಕ್ಕೆ 'ಹೊಸ ವರ್ಷದ್ದು' ಎಂದು ಕಾಣಲಿ ಎಂಬ ಆಸೆಗೆ ಜನವರಿಯ ಪ್ಲೇಟು ಹೊಡೆಯುವ ಅಭ್ಯಾಸವಿದ್ದರೆ ಇಂದೇ ಬಿಡಿ.

ತಾಂತ್ರಿಕ ಕಡತವೇ ಇಡೀ ವ್ಯವಹಾರದ ಬೆನ್ನೆಲುಬು, ಆದರೆ ಗ್ರಾಹಕರಿಗೆ ಕೊಡುವ ವಸ್ತು ಅಲ್ಲವಾದ್ದರಿಂದ ಎಲ್ಲರೂ ಕೊನೆಗೆ ತಳ್ಳುವುದೂ ಅದನ್ನೇ. ನಕ್ಷೆ, ಸರ್ಕ್ಯೂಟ್, ಲೆಕ್ಕಾಚಾರ, ಪರೀಕ್ಷಾ ವರದಿ, ಬಳಸಿದ ಸ್ಟ್ಯಾಂಡರ್ಡ್‌ಗಳ ಪಟ್ಟಿ, ಎಲ್ಲಕ್ಕಿಂತ ಮುಖ್ಯವಾಗಿ ರಿಸ್ಕ್ ಅಸೆಸ್‌ಮೆಂಟ್, ಅಂದರೆ ಅಪಾಯಗಳ ಅಂದಾಜು, ಅದರಲ್ಲಿರಬೇಕು. ಕೊನೆಯ ಯಂತ್ರ ತಯಾರಾದ ದಿನದಿಂದ ಕನಿಷ್ಠ 10 ವರ್ಷ ಕಾಪಾಡಬೇಕು. ಕಡತ ಯುರೋಪಿನಲ್ಲೇ ಇರಬೇಕೆಂದಿಲ್ಲ, ಪೀಣ್ಯದ ಸರ್ವರಿನಲ್ಲಿ ಇದ್ದರೂ ಸಾಕು. ಆದರೆ ಅದನ್ನು ಒಟ್ಟುಮಾಡಿ ಒಪ್ಪಿಸಲು ಅಧಿಕಾರ ಪಡೆದ, ಒಕ್ಕೂಟದೊಳಗೇ ನೆಲೆಸಿದ ಒಬ್ಬರ ಹೆಸರು ವಿಳಾಸ ಹಳೆಯ ಡೈರೆಕ್ಟಿವ್‌ನ ಘೋಷಣೆಯಲ್ಲಿ ಇರಲೇಬೇಕು. ಆ ಜಾಗದಲ್ಲಿ ಬೆಂಗಳೂರಿನ ವಿಳಾಸ ಬರೆದರೆ ಘೋಷಣೆಯನ್ನು ನೋಡಿದ ತಕ್ಷಣ ತಪ್ಪು ಹಿಡಿಯಬಹುದು, ಯಂತ್ರವನ್ನು ತೆರೆದು ನೋಡುವ ಅಗತ್ಯವೂ ಬರುವುದಿಲ್ಲ.

ರಿಸ್ಕ್ ಅಸೆಸ್‌ಮೆಂಟಿನಲ್ಲಿ ಕಾನೂನು ಒಂದು ಕ್ರಮ ವಿಧಿಸುತ್ತದೆ. ಮೊದಲು ವಿನ್ಯಾಸದಲ್ಲೇ ಅಪಾಯ ತೆಗೆಯಿರಿ. ತೆಗೆಯಲಾಗದ್ದಕ್ಕೆ ಗಾರ್ಡ್, ಇಂಟರ್‌ಲಾಕ್, ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಬೆಳಕಿನ ಪರದೆ) ಹಾಕಿರಿ. ಆಮೇಲೂ ಉಳಿದದ್ದಕ್ಕೆ ಎಚ್ಚರಿಕೆ ಬರೆಯಿರಿ. ನಮ್ಮಲ್ಲಿ ಈ ಕ್ರಮ ತಲೆಕೆಳಗು. ಹಳದಿ ಫಲಕ ಮೊದಲು ಬರುತ್ತದೆ, ಗಾರ್ಡ್ ಗ್ರಾಹಕರು ಕೇಳಿದರೆ 'ಆಪ್ಷನಲ್'. ಕೆಂಪು ಎಮರ್ಜೆನ್ಸಿ ಸ್ಟಾಪ್ ಬಟನ್ ಇದೆಯಲ್ಲ ಎಂಬ ಸಮಾಧಾನವೂ ನಡೆಯದು. ಅದು ಉಳಿದ ರಕ್ಷಣೆಗಳ ಜೊತೆಗೆ ಇರಬೇಕಾದ್ದು, ಅವುಗಳ ಬದಲಿಗೆ ಅಲ್ಲ ಎಂದು ಕಾನೂನಿನಲ್ಲೇ ಬರೆದಿದೆ.

ಕಾನೂನಿನ ಭಾಷೆ ಬಿಗಿಯಾಗಿದೆ ಎನ್ನುವವರಿಗೆ ಆಯೋಗವೇ ಬರೆದ ಕೈಪಿಡಿ ಇದೆ. ಮಷಿನರಿ ಡೈರೆಕ್ಟಿವ್ ಅನ್ವಯಕ್ಕೆ ಮಾರ್ಗದರ್ಶಿ ಎಂಬ ಆ ದಪ್ಪ ಪಿಡಿಎಫ್‌ನ 2.3ನೇ ಆವೃತ್ತಿ 2024ರಲ್ಲಿ ಬಂದಿದೆ. ಕಾನೂನಿನ ಒಂದೊಂದು ಸಾಲನ್ನೂ ಪೆಟ್ಟಿಗೆಯಲ್ಲಿ ಹಾಕಿ ಕೆಳಗೆ ವಿವರಣೆ ಕೊಡುತ್ತದೆ. ಅದರ ಮಾತು ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ, ಆದರೆ ಸಲಹೆಗಾರರು ಮಾರುವ ಬಹುಪಾಲು ಜ್ಞಾನ ಅಲ್ಲಿಂದಲೇ ಬಂದದ್ದು. ಸಿಇ ವ್ಯವಸ್ಥೆ ಒಟ್ಟಾರೆ ಹೇಗೆ ನಡೆಯುತ್ತದೆ, ತಯಾರಕರು ಎಂದರೆ ಯಾರು, ಆಮದುದಾರರು ಎಂದರೆ ಯಾರು ಎಂಬುದಕ್ಕೆ ಆಯೋಗದ್ದೇ ಇನ್ನೊಂದು ಕೈಪಿಡಿ, 2022ರ ಬ್ಲೂ ಗೈಡ್ ಓದಬೇಕು.

ಇಲ್ಲಿಯವರೆಗೆ ಎಲ್ಲವೂ ಪುಕ್ಕಟೆ. ತೊಡಕು ಶುರುವಾಗುವುದು ಸ್ಟ್ಯಾಂಡರ್ಡ್‌ಗಳಲ್ಲಿ. ಕಾನೂನು 'ಗಾರ್ಡ್ ಗಟ್ಟಿಯಾಗಿರಲಿ, ಅಪಾಯದ ಜಾಗದಿಂದ ಸಾಕಷ್ಟು ದೂರವಿರಲಿ' ಎನ್ನುತ್ತದೆ. ಎಷ್ಟು ದೂರ ಎಂಬುದು ಇರುವುದು ಇಎನ್ ಐಎಸ್‌ಒ 13857ರಲ್ಲಿ (ಇಎನ್ ಎಂದರೆ ಯುರೋಪಿನ ಸ್ಟ್ಯಾಂಡರ್ಡ್, ಐಎಸ್‌ಒ ಎಂದರೆ ಅಂತರರಾಷ್ಟ್ರೀಯದ್ದು). ರಿಸ್ಕ್ ಅಸೆಸ್‌ಮೆಂಟ್ ಹೇಗೆ ಎಂಬುದು ಇಎನ್ ಐಎಸ್‌ಒ 12100ರಲ್ಲಿ, ಕಂಟ್ರೋಲ್ ಸರ್ಕ್ಯೂಟ್ ಎಷ್ಟು ನಂಬಿಕಸ್ಥವಾಗಿರಬೇಕು ಎಂಬುದು 13849ರಲ್ಲಿ, ವಿದ್ಯುತ್ ಪ್ಯಾನೆಲ್ ಇಎನ್ 60204-1ರಲ್ಲಿ, ಹೈಡ್ರಾಲಿಕ್ ಪ್ರೆಸ್ ಇಎನ್ ಐಎಸ್‌ಒ 16092ರ 3ನೇ ಭಾಗದಲ್ಲಿ. ಯಾವ ಸ್ಟ್ಯಾಂಡರ್ಡ್ ಪಾಲಿಸಿದರೆ ಕಾನೂನು ಪಾಲಿಸಿದಂತೆ ಎಂಬ ಪಟ್ಟಿ ಮಾತ್ರ ಅಧಿಕೃತ ಪತ್ರಿಕೆಯಲ್ಲಿ ಉಚಿತ. ಡೈರೆಕ್ಟಿವ್‌ಗೆ ಸಂಬಂಧಿಸಿದ ಆ ಪಟ್ಟಿ ಆಯೋಗದ 2023/1586 ತೀರ್ಮಾನದಲ್ಲಿದೆ. ಒಳಗಿನ ಪುಟಗಳಿಗೆ ಕಾಸು. ಒಂದೊಂದಕ್ಕೆ ನೂರು ಯೂರೋ ದಾಟುವುದು ಸಾಮಾನ್ಯ, ಒಂದು ಯಂತ್ರಕ್ಕೆ ಇಂಥವು ಹತ್ತಾರು ಬೇಕಾಗುತ್ತವೆ. ಸಣ್ಣ ಕಂಪನಿಗಳು ಯಾರೋ ಕೊಟ್ಟ, ಎರಡು ಆವೃತ್ತಿ ಹಿಂದಿನ ಫೋಟೋಕಾಪಿಯಲ್ಲಿ ಕೆಲಸ ಮುಗಿಸುವುದಕ್ಕೆ ಇದೇ ಕಾರಣ. ಅವರನ್ನು ಬೈಯುವುದು ಸುಲಭ. ಪಾಲಿಸಬೇಕಾದ ನಿಯಮವನ್ನು ಓದಲು ಹಣ ಕೇಳುವ ವ್ಯವಸ್ಥೆಯಲ್ಲೇ ಏನೋ ಐಬಿದೆ.

ಈ ಐಬು ಕೋರ್ಟಿನ ಮೆಟ್ಟಿಲು ಹತ್ತಿದೆ. ಐರ್ಲೆಂಡಿನ ಡಬ್ಲಿನ್ ಬಳಿ ಬ್ಯಾಲಿಮನ್ ಎಂಬಲ್ಲಿ ಕಟ್ಟಿದ ಯುವಜನ ಕೇಂದ್ರದ ನೆಲ ಬಿರುಕು ಬಿಟ್ಟಿತು. ತಳಕ್ಕೆ ತುಂಬಿದ ಜಲ್ಲಿಯಲ್ಲಿ ನೆಲವನ್ನು ಉಬ್ಬಿಸುವ ಪೈರೈಟ್ ಎಂಬ ಖನಿಜ ಇತ್ತು. ಗುತ್ತಿಗೆದಾರರು ಜಲ್ಲಿ ಕೊಟ್ಟವರ ಮೇಲೆ ಹೂಡಿದ ದಾವೆ ಲಕ್ಸೆಂಬರ್ಗಿನ ಒಕ್ಕೂಟ ನ್ಯಾಯಾಲಯದವರೆಗೆ ಹೋಗಿ, 2016ರ ಅಕ್ಟೋಬರಿನಲ್ಲಿ ಸಮನ್ವಯಿತ ಸ್ಟ್ಯಾಂಡರ್ಡ್‌ಗಳೂ ಒಕ್ಕೂಟದ ಕಾನೂನಿನ ಭಾಗವೇ ಎಂಬ ತೀರ್ಪು ಬಂತು. ಅಲ್ಲಿಂದ ಮುಂದಿನ ಪ್ರಶ್ನೆ ತಾನಾಗಿ ಹುಟ್ಟಿತು: ಕಾನೂನಿನ ಭಾಗವಾದರೆ ಜನರಿಗೆ ಓದಲು ಯಾಕೆ ಸಿಗಬಾರದು? ಕಾರ್ಲ್ ಮಾಲಮುಡ್ ಸ್ಥಾಪಿಸಿದ ಅಮೆರಿಕದ ಪಬ್ಲಿಕ್ ರಿಸೋರ್ಸ್ ಸಂಸ್ಥೆ ಐರ್ಲೆಂಡಿನ ಇನ್ನೊಂದು ಸಂಸ್ಥೆಯ ಜೊತೆ ಸೇರಿ ಬಹುಪಾಲು ಆಟಿಕೆ ಸುರಕ್ಷತೆಗೆ ಸಂಬಂಧಿಸಿದ ನಾಲ್ಕು ಸ್ಟ್ಯಾಂಡರ್ಡ್‌ಗಳನ್ನು ಕೇಳಿತು, ಆಯೋಗ ಕೊಡಲಿಲ್ಲ. 2024ರ ಮಾರ್ಚ್ 5ರಂದು ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತು, ಇವುಗಳನ್ನು ಬಹಿರಂಗಪಡಿಸುವುದರಲ್ಲಿ ಮೇಲುಗೈಯಾದ ಸಾರ್ವಜನಿಕ ಹಿತವಿದೆ ಎಂದಿತು. ಭಾರತದ ಸ್ಟ್ಯಾಂಡರ್ಡ್‌ಗಳನ್ನು ಅಂತರ್ಜಾಲಕ್ಕೆ ಏರಿಸಿ ನಮ್ಮ ಮಾನಕ ಬ್ಯೂರೋದ ಕೆಂಗಣ್ಣಿಗೆ ಗುರಿಯಾಗಿ, ದೆಹಲಿ ಹೈಕೋರ್ಟಿಗೆ ಹೋದವರೂ ಇದೇ ಮಾಲಮುಡ್. ಯುರೋಪಿನ ತೀರ್ಪಿನ ಬಳಿಕ ಎಲ್ಲವೂ ಬಯಲಿಗೆ ಬಂದುಬಿಟ್ಟಿತು ಎಂದುಕೊಳ್ಳಬೇಡಿ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಗಳಾದ ಐಎಸ್‌ಒ ಮತ್ತು ಐಇಸಿ 2024ರ ಡಿಸೆಂಬರಿನಲ್ಲಿ ಆಯೋಗದ ವಿರುದ್ಧವೇ ಮೊಕದ್ದಮೆ ಹೂಡಿವೆ. ಯಂತ್ರ ತಯಾರಕರಿಗೆ ಸದ್ಯಕ್ಕೆ ಅಂಗಡಿಯೇ ಗತಿ.

ಅಂಗಡಿಯಲ್ಲಿ ಚೌಕಾಸಿಗೆ ಅವಕಾಶ ಇದೆ. ಒಂದೇ ಇಎನ್ ಸ್ಟ್ಯಾಂಡರ್ಡನ್ನು ಜರ್ಮನಿ ಒಂದು ಮುಂಗುರುತು ಸೇರಿಸಿ, ಬ್ರಿಟನ್ ಇನ್ನೊಂದು ಸೇರಿಸಿ, ಎಸ್ತೋನಿಯಾ ಮತ್ತೊಂದು ಸೇರಿಸಿ ಮಾರುತ್ತವೆ. ಒಳಗಿನ ತಾಂತ್ರಿಕ ಪಠ್ಯ ಒಂದೇ. ಬೆಲೆ ಒಂದೇ ಅಲ್ಲ. ಎಸ್ತೋನಿಯಾದ ಮಾನಕ ಕೇಂದ್ರ ಇಂಗ್ಲಿಷ್ ಪಠ್ಯವನ್ನು ಜರ್ಮನಿಗಿಂತ ಬಹಳ ಕಡಿಮೆ ಬೆಲೆಗೆ ಮಾರುತ್ತದೆ ಎಂಬುದು ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು. ಐಎಸ್‌ಒ ತಾಣದಲ್ಲಿ ಪ್ರತಿ ಸ್ಟ್ಯಾಂಡರ್ಡಿನ ವ್ಯಾಪ್ತಿ ಮತ್ತು ವ್ಯಾಖ್ಯೆಗಳ ಪುಟ ಉಚಿತ, ಕೊಳ್ಳುವ ಮೊದಲು ಇದು ನಮಗೆ ಬೇಕಾದ್ದೇ ಎಂದು ತಿಳಿಯಲು ಅಷ್ಟು ಸಾಕು. 13849ರ ಲೆಕ್ಕಕ್ಕೆ ಜರ್ಮನಿಯ ಅಪಘಾತ ವಿಮಾ ಸಂಸ್ಥೆಗಳ ಸಂಶೋಧನಾ ಕೇಂದ್ರ ಐಎಫ್‌ಎ ಕೊಡುವ ಸಿಸ್ಟೆಮಾ ತಂತ್ರಾಂಶ ಉಚಿತ, ಜೊತೆಗೆ ಅವರ ಉದಾಹರಣೆಗಳ ವರದಿ ಇಂಗ್ಲಿಷಿನಲ್ಲೇ ಇದೆ. ಲೈಟ್ ಕರ್ಟನ್, ಸೇಫ್ಟಿ ರಿಲೇ ಸೇರಿಸಿ ಸರ್ಕ್ಯೂಟ್ ಬರೆಯುವವರು ಆ ವರದಿಯ ಚಿತ್ರಗಳನ್ನು ಎರಡು ದಿನ ಕೂತು ನೋಡಿದರೆ ಯಾವ ತರಬೇತಿಗೂ ಕಡಿಮೆಯಿಲ್ಲ.

ಇಲ್ಲಿ ನಮ್ಮ ದೇಶದ್ದೂ ಒಂದು ಎಳೆ ಸೇರುತ್ತದೆ. ಐಎಸ್‌ಒ 12100 ಅಕ್ಷರಶಃ ಐಎಸ್ 16819:2018 ಎಂಬ ಹೆಸರಿನಲ್ಲಿ ಭಾರತೀಯ ಸ್ಟ್ಯಾಂಡರ್ಡ್ ಆಗಿದೆ. ಅದನ್ನೇ ಆಧಾರ ಮಾಡಿಕೊಂಡು ಕೇಂದ್ರದ ಭಾರಿ ಕೈಗಾರಿಕಾ ಸಚಿವಾಲಯ 2024ರ ಆಗಸ್ಟ್ 28ರಂದು ಯಂತ್ರ ಮತ್ತು ವಿದ್ಯುತ್ ಉಪಕರಣಗಳ ಸುರಕ್ಷತೆಗೆ ಒಂದು ಸಮಗ್ರ ಆದೇಶ ಹೊರಡಿಸಿತು. ಮಷಿನ್ ಟೂಲ್, ಪಂಪ್, ಕ್ರೇನ್, ಜವಳಿ ಯಂತ್ರ ಎಲ್ಲ ಅದರ ಪಟ್ಟಿಯಲ್ಲಿವೆ. ಒಂದು ವರ್ಷದ ಗಡುವನ್ನು ಉದ್ಯಮದ ಒತ್ತಡದಿಂದ 2025ರಲ್ಲಿ 2026ರ ಸೆಪ್ಟೆಂಬರ್ 1ಕ್ಕೆ ಮುಂದೂಡಲಾಯಿತು. ಯುರೋಪಿನ ಸ್ವಘೋಷಣೆಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ, ಇಲ್ಲಿ ಮಾನಕ ಬ್ಯೂರೋದ ಸ್ಕೀಮ್ ಎಕ್ಸ್ ಅಡಿ ಪರವಾನಗಿ ಅಥವಾ ಅನುಸರಣಾ ಪ್ರಮಾಣಪತ್ರ ಪಡೆಯಲೇಬೇಕು. ಆದರೆ ರಿಸ್ಕ್ ಅಸೆಸ್‌ಮೆಂಟ್ ಎರಡಕ್ಕೂ ಒಂದೇ ಬಗೆಯದು. ಯುರೋಪಿಗೆಂದು ಪ್ರಾಮಾಣಿಕವಾಗಿ ಮಾಡಿದ ಕಡತ ಇಲ್ಲೂ ಉಪಯೋಗಕ್ಕೆ ಬರುತ್ತದೆ, ಕೊಂಡು ತಂದ ಬಣ್ಣದ ಕಾಗದ ಬರುವುದಿಲ್ಲ.

ಹೊಸ ರೆಗ್ಯುಲೇಷನ್ ಏನು ಬದಲಿಸುತ್ತದೆ? ಡೈರೆಕ್ಟಿವ್ ಆಗಿದ್ದಾಗ ಅದನ್ನು 27 ದೇಶಗಳೂ ತಮ್ಮ ತಮ್ಮ ಕಾನೂನಾಗಿ ಬರೆದುಕೊಳ್ಳಬೇಕಿತ್ತು, ರೆಗ್ಯುಲೇಷನ್ ನೇರವಾಗಿ ಎಲ್ಲೆಡೆ ಒಂದೇ ಪಠ್ಯವಾಗಿ ಜಾರಿಯಾಗುತ್ತದೆ. ಅನುಬಂಧಗಳ ಅಂಕಿ ಅದಲುಬದಲಾಗಿವೆ. ಹಳೆಯದರಲ್ಲಿ ಅನುಬಂಧ 4 ಎಂದರೆ ಅಪಾಯಕಾರಿ ಯಂತ್ರಗಳ ಪಟ್ಟಿ, ಹೊಸದರಲ್ಲಿ ಅದು ತಾಂತ್ರಿಕ ಕಡತದ ವಿವರ. ಪಟ್ಟಿ ಅನುಬಂಧ 1ಕ್ಕೆ ಹೋಗಿದೆ, ಅಲ್ಲಿದ್ದ ಸುರಕ್ಷತೆಯ ಅಗತ್ಯಗಳು ಅನುಬಂಧ 3ಕ್ಕೆ ಬಂದಿವೆ. ಫೋನಿನಲ್ಲಿ 'ಅನುಬಂಧ 4ರ ಯಂತ್ರವೇ?' ಎಂದು ಕೇಳಿದರೆ ಯಾವ ಕಾನೂನಿನ ನಾಲ್ಕು ಎಂದು ಮರುಪ್ರಶ್ನೆ ಹಾಕಬೇಕಾದ ಕಾಲ ಇದು. ಹಳೆಯ ಸಾಲು ಹೊಸದರಲ್ಲಿ ಎಲ್ಲಿದೆ ಎಂದು ತೋರಿಸುವ ಕೋಷ್ಟಕ ಕಡೆಯ ಅನುಬಂಧದಲ್ಲಿ, 12ರಲ್ಲಿದೆ. ಹಳೆಯ ಚೆಕ್‌ಲಿಸ್ಟ್ ಬದಲಿಸುವವರು ಅಲ್ಲಿಂದಲೇ ಶುರುಮಾಡಬೇಕು.

ಹೊಸ ಅನುಬಂಧ 1ರಲ್ಲಿ ಎ ಮತ್ತು ಬಿ ಎಂದು ಎರಡು ಭಾಗ. ಬಿ ಭಾಗದ ಯಂತ್ರಗಳಿಗೆ ಹಿಂದಿನಂತೆ ಸ್ಟ್ಯಾಂಡರ್ಡ್ ಪೂರ್ತಿ ಪಾಲಿಸಿದರೆ ಸ್ವಘೋಷಣೆ ಸಾಧ್ಯ, ನಮ್ಮ ಪ್ರೆಸ್ ಅಲ್ಲಿದೆ. ಎ ಭಾಗದ ಆರು ಬಗೆಗಳಿಗೆ ಆ ದಾರಿ ಮುಚ್ಚಿದೆ, ನೋಟಿಫೈಡ್ ಬಾಡಿ ಕಡ್ಡಾಯ. ಟ್ರ್ಯಾಕ್ಟರಿನ ಪಿಟಿಒ ಶಾಫ್ಟಿನಂಥ ಬಿಚ್ಚಿ ಜೋಡಿಸುವ ಚಾಲನ ಸಾಧನ, ಅದರ ಗಾರ್ಡ್, ಗ್ಯಾರೇಜಿನ ವಾಹನ ಲಿಫ್ಟ್, ಕಾರ್ಟ್ರಿಜ್‌ನಿಂದ ನಡೆಯುವ ಮೊಳೆ ಹೊಡೆಯುವ ಸಾಧನ ನಾಲ್ಕಾದರೆ, ಉಳಿದೆರಡು ಮಷಿನ್ ಲರ್ನಿಂಗ್ ಬಳಸಿ ತಾನೇ ವಿಕಾಸವಾಗುತ್ತ ಸುರಕ್ಷತೆಯ ಕೆಲಸ ಮಾಡುವ ಭಾಗಗಳು ಮತ್ತು ಅಂಥ ವ್ಯವಸ್ಥೆ ಒಳಗಿರುವ ಯಂತ್ರಗಳು. ಗುಣಮಟ್ಟ ತಪಾಸಣೆಗೆ ಕ್ಯಾಮೆರಾ ಎಐ ಇಟ್ಟರೆ ಇದು ತಟ್ಟುವುದಿಲ್ಲ. ಅದೇ ಕ್ಯಾಮೆರಾ ಮನುಷ್ಯರನ್ನು ಗುರುತಿಸಿ ಪ್ರೆಸ್ ನಿಲ್ಲಿಸುವ ಕೆಲಸಕ್ಕೆ ನಿಂತರೆ ತಟ್ಟುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ತಂಡಗಳು ಈ ಗೆರೆಯನ್ನು ಯೋಜನೆಯ ಮೊದಲ ದಿನವೇ ನೋಡಿಕೊಳ್ಳುವುದು ಒಳ್ಳೆಯದು.

ಉಳಿದ ಬದಲಾವಣೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸೂಚನಾ ಪುಸ್ತಕವನ್ನು ಡಿಜಿಟಲ್ ಆಗಿ ಕೊಡಬಹುದು, ಆದರೆ ಕೊಳ್ಳುವಾಗ ಗ್ರಾಹಕರು ಕೇಳಿದರೆ ಒಂದು ತಿಂಗಳೊಳಗೆ ಉಚಿತವಾಗಿ ಕಾಗದದ ಪ್ರತಿ ಕೊಡಬೇಕು, ಅಂತರ್ಜಾಲದ ಪ್ರತಿ ಕನಿಷ್ಠ 10 ವರ್ಷ ಅಲ್ಲೇ ಇರಬೇಕು. ಸುರಕ್ಷತೆಗೆ ಸಂಬಂಧಿಸಿದ ಸಾಫ್ಟ್‌ವೇರನ್ನು ಹೊರಗಿನವರು ಕೆಡಿಸದಂತೆ ಕಾಪಾಡುವುದು ಈಗ ಯಂತ್ರದ ಸುರಕ್ಷತೆಯ ಅಗತ್ಯವೇ ಆಗಿದೆ. ಬಳಕೆಗೆ ಬಂದ ಯಂತ್ರವನ್ನು ತಯಾರಕರ ಯೋಜನೆಯಲ್ಲಿ ಇಲ್ಲದ ರೀತಿ ಬದಲಿಸಿ ಹೊಸ ಅಪಾಯ ತಂದವರು ತಾವೇ ತಯಾರಕರ ಜವಾಬ್ದಾರಿ ಹೊರುತ್ತಾರೆ. ಘೋಷಣೆಯ ಶೀರ್ಷಿಕೆಯಲ್ಲಿ 'ಇಸಿ' ಹೋಗಿ 'ಇಯು' ಬರುತ್ತದೆ. ಇನ್ನು ಆಮದುದಾರರ ಕರ್ತವ್ಯಗಳನ್ನು ಹಳೆಯ ಡೈರೆಕ್ಟಿವ್ ಬಿಡಿಸಿ ಹೇಳಿರಲಿಲ್ಲ, ಹೊಸದು ಹೇಳುತ್ತದೆ. ಕಡತ ಇದೆಯೇ, ಗುರುತು ಇದೆಯೇ, ತಮ್ಮ ದೇಶದ ಭಾಷೆಯಲ್ಲಿ ಸೂಚನೆ ಇದೆಯೇ ಎಂದು ಅವರು ನೋಡಬೇಕು, ತಮ್ಮ ಹೆಸರು ವಿಳಾಸವನ್ನೂ ಹಾಕಬೇಕು. ಇಷ್ಟು ದಿನ 'ಸಿಇ ಇದೆಯಲ್ವಾ' ಎಂದು ಕೇಳಿ ಸುಮ್ಮನಾಗುತ್ತಿದ್ದ ಯುರೋಪಿನ ಡೀಲರುಗಳು ಇನ್ನು ಮೇಲೆ ಕಡತದ ಪುಟಗಳನ್ನೇ ಕೇಳತೊಡಗುತ್ತಾರೆ. ತಿದ್ದುಪಡಿಗಳು ನಿಂತಿಲ್ಲ. ಕಾಗದಪತ್ರಗಳನ್ನು ಇನ್ನಷ್ಟು ಡಿಜಿಟಲ್ ಮಾಡುವ ಪ್ರಸ್ತಾಪವನ್ನು ಆಯೋಗ 2025ರ ಮೇನಲ್ಲೇ ಮುಂದಿಟ್ಟಿದೆ. ಯೂರ್-ಲೆಕ್ಸಿನಲ್ಲಿ ಖಾತೆ ತೆರೆದು ಸೂಚನೆ ಬರುವಂತೆ ಇಟ್ಟುಕೊಂಡರೆ ಇವು ತಾವಾಗಿ ಇಮೇಲಿಗೆ ಬರುತ್ತವೆ.

ಕೊನೆಗೆ ಉಳಿಯುವುದು 2026ರ ವರ್ಷಾಂತ್ಯದ ಸಾಗಣೆಯ ಪ್ರಶ್ನೆ. ಎರಡು ಕಾನೂನುಗಳ ನಡುವೆ ಇಷ್ಟಬಂದದ್ದನ್ನು ಆರಿಸಿಕೊಳ್ಳುವ ಕಾಲಾವಕಾಶ ಇಲ್ಲ. 2027ರ ಜನವರಿ 19ರವರೆಗೆ ಮಾರುಕಟ್ಟೆಗೆ ಬಂದದ್ದಕ್ಕೆ ಹಳೆಯದು, 20ರಿಂದ ಹೊಸದು. ಮಾರುಕಟ್ಟೆಗೆ ಬರುವುದೆಂದರೆ ಮಾದರಿಯ ಲೆಕ್ಕವಲ್ಲ, ಒಂದೊಂದು ಯಂತ್ರದ ಲೆಕ್ಕ. ಹತ್ತು ವರ್ಷದಿಂದ ಅದೇ ಮಾದರಿ ಮಾರುತ್ತಿದ್ದೇವೆ ಎಂಬ ವಾದ ನಡೆಯುವುದಿಲ್ಲ. ಚೆನ್ನೈನಲ್ಲಿ ಹಡಗು ಹತ್ತಿದ ದಿನವೂ ಲೆಕ್ಕಕ್ಕಿಲ್ಲ. ಹಾಗಾಗಿ ವರ್ಷದ ಕೊನೆಗೆ ಕಳಿಸುವ ಯಂತ್ರಕ್ಕೆ ಯಾವ ಕಾನೂನಿನ ಘೋಷಣೆ, ಆಮದುದಾರರು ಯಾರು, ಹಡಗು ತಡವಾದರೆ ಹೊಸ ಘೋಷಣೆ ಮತ್ತು ಪ್ಲೇಟಿನ ಖರ್ಚು ಯಾರದ್ದು ಎಂಬುದನ್ನು ಪರ್ಚೇಸ್ ಆರ್ಡರಿನಲ್ಲೇ ಬರೆಸಿಕೊಳ್ಳಬೇಕು. ಅದಿಲ್ಲದೆ ಯಂತ್ರ ರಾಟರ್‌ಡ್ಯಾಮ್ ಬಂದರಿನಲ್ಲಿ ಕೂತರೆ, ಕಾನೂನಿನ ಪ್ರಶ್ನೆಗಿಂತ ಮೊದಲು ಶುರುವಾಗುವುದು ದಿನಬಾಡಿಗೆ ಕಟ್ಟುವವರು ಯಾರು ಎಂಬ ಜಗಳ.